ಮುಳ್ಳಿನ ಮೇಲಿನ ಜಾಗ

ದೀಪ ಹಚ್ಚುವ ಮುನ್ನ ಬೆಟ್ಟದವ್ವ ಚಿಕ್ಕದೇವಮ್ಮನ ಹಾಡಿಗೆ ಪೂರ್ತಿ ದನಿ ಎತ್ತಕೂಡದು. ಸರಗೂರಿನ ಸಿದ್ದಲಿಂಗಮ್ಮನ ಮನೆಯ ಕಟ್ಟುಪಾಡು ಅದು. ಆ ಹಾಡನ್ನು ಅತ್ತೆ ಹೆತ್ತ ಮಗಳಿಗೆ ಕೊಡದೆ ಸೊಸೆ ಸಿದ್ದಲಿಂಗಮ್ಮನಿಗೆ ಕೊಟ್ಟು ಕಣ್ಣು ಮುಚ್ಚಿದ್ದಳು. ಮಗಳು ಮಲ್ಲಾಜಮ್ಮನಿಗೆ ಉಳಿದದ್ದು ಹಿಂದೆ ಕೂತು ಸೊಲ್ಲು ಹಿಡಿಯುವ, ಸಾಲಿನ ಕೊನೆಗೆ ದನಿಗೂಡಿಸುವ ಕೆಲಸ.

ಮಹಾರಾಜರ ಮೈಸೂರಿಗೆ ರೇಡಿಯೋ ಬಂದ ಹೊಸತು. ಹಳ್ಳಿಯ ಹಾಡುಗಾರರನ್ನು ಆರಿಸಲು ಸಾಹೇಬರೊಬ್ಬರು ಸರಗೂರಿನ ಚಾವಡಿಗೆ ಬಂದರು. ಸಾಯುವುದರೊಳಗೆ ಒಮ್ಮೆ ಅವ್ವನ ಹಾಡನ್ನು ನಾಡೆಲ್ಲ ಕೇಳುವಂತೆ ಹಾಡಬೇಕೆಂಬುದು ಸಿದ್ದಲಿಂಗಮ್ಮನ ಹರಕೆ.

ಮೈಕಿನ ಅಬ್ದುಲ್ ಅಜೀಜ್ ಪೆಟ್ಟಿಗೆಯ ಮುಂದೆ ಕೂತ. ಗಾಜಿನೊಳಗೆ ದನಿ ಅಳೆಯುವ ಮುಳ್ಳು, ಕೊನೆಯಲ್ಲಿ ಕೆಂಪು ಗೆರೆ.

"ಹಾಡೋ ದನೀಲೇ ಒಂದು ಸಾಲು ಹೇಳಿ ತಾಯಿ. ಮುಳ್ಳಿನ ಮೇಲೆ ಒಸಿ ಜಾಗ ಬಿಟ್ಟಿರ್ತೀನಿ. ಎತ್ತಿ ಹಾಡಿದಾಗ ದನಿ ಒಡೀಬಾರದಲ್ಲ."

ದೀಪ ಇನ್ನೂ ಹಚ್ಚಿರಲಿಲ್ಲ. ಸಿದ್ದಲಿಂಗಮ್ಮ ತುಟಿಯಂಚಿನಲ್ಲೇ ಗುನುಗಿ, ಎಣ್ಣೆ ತರಲು ಎದ್ದು ಹೋದಳು. ಮುಳ್ಳು ಕದಲಲೇ ಇಲ್ಲ.

"ಇಷ್ಟೇನಾ ಅವರ ದನಿ?" ಎಂದ ಅಜೀಜ್.

"ಅಷ್ಟೇ ಕಣ್ರೀ ಸಾಬ್ರೇ," ಎಂದಳು ಮಲ್ಲಾಜಮ್ಮ. "ವಯಸ್ಸಾತು ನಮ್ಮತ್ಗೆಗೆ. ಪೂರ್ತಿ ಏರ್ಸಿಬುಡಿ."

ಅಜೀಜ್ ದನಿ ಏರಿಸುವ ತಿರುಗುಣಿಯನ್ನು ಕೊನೆಯವರೆಗೂ ತಿರುಗಿಸಿದ.

ದೀಪ ಹತ್ತಿತು. ಸಿದ್ದಲಿಂಗಮ್ಮ ಕೈಮುಗಿದು, ಬೆಟ್ಟದ ತುದಿಗೆ ಮುಟ್ಟುವಂತೆ "ಅವ್ವಾ" ಎಂದಳು. ಮುಳ್ಳು ಕೆಂಪು ಗೆರೆ ದಾಟಿ ಅಂಚಿಗೆ ಬಡಿಯಿತು. ಮೈಕಿನ ತಗಡಿನ ಕಹಳೆಯಿಂದ ಬಂದದ್ದು ಹಾಡಲ್ಲ, ಹರಿದ ತಮಟೆಯ ಗರಗರ.

"ಹಂದಿ ಕುಯ್ದಂಗದೆ ಕಣ್ಲಾ!" ಎಂದು ಯಾರೋ ಕೂಗಿದ. ಚಾವಡಿಯೆಲ್ಲ ನಕ್ಕಿತು. ಅಜೀಜ್ ತಿರುಗುಣಿ ಇಳಿಸುವಷ್ಟರಲ್ಲಿ ಸಾಹೇಬರು ಕಿವಿ ಮುಚ್ಚಿಕೊಂಡು, "ಸಾಕು, ಮುಂದಿನೋರು" ಎಂದಾಗಿತ್ತು.

ಸಿದ್ದಲಿಂಗಮ್ಮ ನಾದಿನಿಯ ಮುಖ ನೋಡಿದಳು.

"ದೀಪಕ್ಕೆ ಮುಂಚೆ ಗುನುಗಿದ್ದೂ ತಪ್ಪೇ ಆತು ಅತ್ಗೆ," ಎಂದಳು ಮಲ್ಲಾಜಮ್ಮ ಮೆಲ್ಲಗೆ. "ಅವ್ವನಿಗೆ ಸಿಟ್ಟು ಬಂದದೆ. ನಿನ್ನ ದನೀನ ಒಡ್ದಾಕವ್ಳೆ."

ಸಿದ್ದಲಿಂಗಮ್ಮ ನಂಬಿದಳು. ತನ್ನ ತಂಬೂರಿಯನ್ನು ನಾದಿನಿಯ ಮಡಿಲಿಗಿಟ್ಟಳು. ಮಲ್ಲಾಜಮ್ಮ ಹಾಡಿದಳು, ಆಯ್ಕೆಯಾದಳು. ಸೊಲ್ಲಿಗೆ ಅತ್ತಿಗೆಯನ್ನೇ ಕರೆದುಕೊಂಡು ಮೈಸೂರಿಗೆ ಹೋದಳು. ಸಿದ್ದಲಿಂಗಮ್ಮ ತಪ್ಪುಕಾಣಿಕೆ ಹೊತ್ತವಳಂತೆ ಹಿಂದೆ ನಡೆದಳು.

ರೇಡಿಯೋದ ಕೋಣೆಯಲ್ಲಿ, ಗಾಜಿನ ಗೋಡೆಯಾಚೆ ಮತ್ತೆ ಅಜೀಜ್, ಅದೇ ಬಗೆಯ ಮುಳ್ಳು. ಒಂದು ಸಾಲು ಹೇಳಿ ಎಂದದ್ದೇ ತಡ, ದೀಪದ ಗೊಡವೆಯಿಲ್ಲದೆ ಮಲ್ಲಾಜಮ್ಮ ಗಂಟಲು ಬಿಚ್ಚಿ ಹಾಡಿದಳು.

ಅಜೀಜ್ ಒಳಗೆ ಬಂದು ಮೈಕು ಸರಿಮಾಡುತ್ತ, "ಹಿಂಗೆ ತಾಯಿ! ಅವತ್ತು ಈ ನಿಮ್ಮತ್ತಿಗೆಯೋರ ದನಿ ಅಷ್ಟೇ ಅಂದ್ಬುಟ್ರಿ ನೀವು. ನಂಬಿ ಏರಿಸ್ದೆ, ಒಡೆದೋಯ್ತು. ಇವ್ರದ್ದೇನೂ ತಪ್ಪಿರಲಿಲ್ಲ," ಎಂದು ಹೊರಟುಹೋದ.

ಸಿದ್ದಲಿಂಗಮ್ಮ ಬತ್ತಿ ಹೊಸೆದು ದೀಪ ಹಚ್ಚಿದಳು. ಕೈಮುಗಿದು ಹಿಂದೆ ಕೂತಳು.

ಕೆಂಪು ಬಲ್ಬು ಹತ್ತಿತು. ನಾಡು ಕೇಳತೊಡಗಿತು. ಮಲ್ಲಾಜಮ್ಮ ಮೊದಲ ಸಾಲು ಎತ್ತಿ, ಏರಿಸಿ, ಸೊಲ್ಲಿಗೆಂದು ಉಸಿರು ನಿಲ್ಲಿಸಿದಳು. ಸೊಲ್ಲಿಲ್ಲದೆ ಆ ಹಾಡಿನ ಎರಡನೆಯ ಸಾಲು ಏಳದು.

ಸೊಲ್ಲು ಬರಲಿಲ್ಲ.

ಮಲ್ಲಾಜಮ್ಮ ಹಿಂದೆ ತಿರುಗಿದಳು. ದನಿಯಿಲ್ಲದೆ ತುಟಿಯಾಡಿಸಿದಳು: ಅತ್ಗೆ. ಸಿದ್ದಲಿಂಗಮ್ಮ ದೀಪವನ್ನೇ ನೋಡುತ್ತಿದ್ದಳು, ಬಾಯಿ ಮುಚ್ಚಿ, ಮುಖದಲ್ಲಿ ಪೂಜೆಯ ಶಾಂತಿ. ಗಾಜಿನಾಚೆ ಅಜೀಜ್ ಎದ್ದು ನಿಂತಿದ್ದ. ಅವನ ಮುಂದೆ ಮುಳ್ಳು ಇಳಿದಿಳಿದು ತಳದಲ್ಲಿ ಮಲಗಿತು.