ಹಾರ ಕಟ್ಟುವವಳನ್ನು ಕೇಳಿದಿರಾ?

ತಮಿಳುನಾಡಿನ ಗಡಿಯ ಬಾಗಲೂರಿನ ಸುತ್ತಮುತ್ತ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಪಿಳ್ಳಮ್ಮನ ಫೋನು ಹೊಡೆದುಕೊಳ್ಳುತ್ತದೆ. ಮದುವೆ ಹಾರ ಕಟ್ಟುವವಳು ಮಗಳು ಚಂದ್ರಲೇಖಾ, ಫೋನು ಎತ್ತುವವಳು ತಾಯಿ. ಚಂದ್ರಲೇಖಾಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು, ಮಾತೂ ಬಾರದು. ಆದರೆ ಅವಳ ಬೆರಳಿನ ಕೆಲಸ ನೋಡಬೇಕು. ಅವಳು ಕಟ್ಟಿದ ಗುಲಾಬಿ ಹಾರ ಕಂಡರೆ ಬೀಗರು ಊಟದಲ್ಲಿ ತಕರಾರು ತೆಗೆಯುವುದನ್ನೂ ಮರೆತುಬಿಡುತ್ತಾರೆ.

ಒಂದು ದಿನ ಪಿಳ್ಳಮ್ಮ ಕೆಲಮಂಗಲಕ್ಕೆ ಸೀಮಂತಕ್ಕೆಂದು ಹೋದಳು. ಓಲಗದ ಸದ್ದಿನಲ್ಲಿ ಚೀಲದೊಳಗಿನ ಫೋನು ಕೇಳಿಸಲಿಲ್ಲ. ಸಂಜೆ ನೋಡಿದರೆ ಹನ್ನೊಂದು ಕರೆ. ತಿರುಗಿ ಮಾಡಿದಾಗ ಎರಡು ಮದುವೆ ಮನೆಯವರು, “ಬೇರೆ ಕಡೆ ಹೇಳ್ಬುಟ್ವಿ ಕಣಮ್ಮ” ಎಂದರು.

ಮನೆಗೆ ಬಂದರೆ ಚಂದ್ರಲೇಖಾ ಬಾಳೆನಾರು ನೆನೆಸಿಟ್ಟು, ಕೆಲಸ ಬರುತ್ತದೆಂದು ಕಾದು ಕೂತಿದ್ದಳು. ಅದನ್ನು ನೋಡಿ ಪಿಳ್ಳಮ್ಮ ಹೊಸ್ತಿಲ ಹತ್ತಿರವೇ ಕೂತುಬಿಟ್ಟಳು. ಒಂದು ದಿನ ನಾನಿಲ್ಲದಿದ್ದರೇ ಹೀಗೆ. ಒಂದಿನ ನಾನು ಇಲ್ಲವೇ ಇಲ್ಲವಾದರೆ?

ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ನಂದಿತಾ ತುಮಕೂರಿನ ಹುಡುಗಿ. ಹೊಸೂರಿನ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ. ಪಿಳ್ಳಮ್ಮ ಅವಳ ಹತ್ತಿರ ಗೋಳು ತೋಡಿಕೊಂಡಳು.

“ಆಂಟಿ, ಒಂದು ವೆಬ್‌ಸೈಟ್ ಮಾಡಿಸಿ. ಹಾರದ ಫೋಟೋ, ಬೆಲೆ ಎಲ್ಲಾ ಜನ ಅದರಲ್ಲೇ ನೋಡ್ಕೊಳ್ತಾರೆ. ಅಲ್ಲೇ ಆರ್ಡರ್ ಕೊಡ್ತಾರೆ.”

“ಅಯ್ಯೋ, ಸುಮ್ಕಿರಮ್ಮ! ಅವೆಲ್ಲ ದೊಡ್ಡಂಗಡಿಯೋರ್ಗೆ. ಹೂವ ಮುಟ್ದೆ, ಮೂಸ್ದೆ ಯಾರ್ ತಗಂತಾರೆ?”

“ಈಗ ಫೋನಲ್ಲಿ ಹೇಳೋರು ಮೂಸಿ ನೋಡಿ ಹೇಳ್ತಾರಾ?”

ಪಿಳ್ಳಮ್ಮನಿಗೆ ನಗು ಬಂತು. ನಂದಿತಾ ಮತ್ತೆ ಹೇಳಿದಳು, “ಆದರೆ ಅವಸರ ಬೇಡ. ಏನೇನು ಬೇಕು ಅಂತ ಮೊದಲು ಕೂತು ಬರೆದುಕೊಳ್ಳೋಣ. ಭಾನುವಾರ ನನಗೆ ರಜ.”

ಭಾನುವಾರದವರೆಗೆ ಕಾಯುವ ಜೀವವೇ ಪಿಳ್ಳಮ್ಮ? ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವ ಗಾದೆ ಸುಮ್ಮನೆ ಹುಟ್ಟಿಲ್ಲ. ಮಾರನೆಯ ಬೆಳಿಗ್ಗೆಯೇ ತಮ್ಮನ ಮಗ ಕುಮಾರೇಶನಿಗೆ ಫೋನು ಮಾಡಿದಳು. ಅವನು ಹೊಸೂರಿನಲ್ಲಿ ವೆಬ್‌ಸೈಟ್ ಮಾಡಿಕೊಡುತ್ತಿದ್ದ. ಸ್ವಂತದವರಿಗೆ ಕೆಲಸ ಕೊಟ್ಟು ‘ಹೀಗೆ ಮಾಡು, ಹಾಗೆ ಮಾಡು’ ಎಂದರೆ ನಂಬಿಕೆಯಿಲ್ಲ ಎಂದು ಮುಖಕ್ಕೆ ಹೇಳಿದಂತೆ ಎನ್ನುವುದು ಈ ಕಡೆಯವರ ಲೆಕ್ಕ. ಪಿಳ್ಳಮ್ಮನೂ ಆ ಲೆಕ್ಕದಲ್ಲೇ ಮಾತಾಡಿದಳು.

“ನೀನು ನಮ್ಮೋನೇ ಅಲ್ವೇನ್ಲಾ? ನಿಂಗೆ ಎಂಗೆ ತೋಚುತ್ತೋ ಅಂಗೆ ಮಾಡು.”

“ಫೋಟೋ ಬೇಕಲ್ಲ ಅತ್ತೆ?”

“ಎಲ್ಲಿಂದಾದ್ರೂ ಒಳ್ಳೇವು ನೋಡಿ ಹಾಕ್ಲಾ.”

“ನಂಬರ್ ಯಾರ್ದು ಹಾಕ್ಲಿ?”

“ನಂದೇ ಹಾಕು. ಈ ಮನೇಲಿ ಮಾತಾಡೋಳು ನಾನೊಬ್ಳೇ ತಾನೆ?”

ಶನಿವಾರ ವೆಬ್‌ಸೈಟ್ ಸಿದ್ಧವಾಯಿತು. ಪಿಳ್ಳಮ್ಮ ಹಿಗ್ಗಿಹೋದಳು. ಭಾನುವಾರ ಬೆಳಿಗ್ಗೆ ಮಗಳ ಫೋನಿನಲ್ಲಿ ಅದನ್ನು ತೆರೆಸಿ, ‘ನೋಡು’ ಎಂದು ಸನ್ನೆ ಮಾಡಿದಳು.

ಅದರಲ್ಲಿದ್ದದ್ದೆಲ್ಲ ಇಂಗ್ಲಿಷ್. ಯಾರೋ ಕಟ್ಟಿದ ಚೆಂಡುಹೂವಿನ ಹಾರಗಳ ಚಿತ್ರ. ಚಂದ್ರಲೇಖಾ ಒಂದೊಂದನ್ನೂ ನೋಡಿ ‘ನನ್ನದಲ್ಲ’ ಎಂದು ತಲೆಯಾಡಿಸಿದಳು. ಕೆಳಗೆ ಒಂದು ದೊಡ್ಡ ಕೆಂಪು ಬಟನ್ ಇತ್ತು. ಅವಳು ಅದನ್ನು ಒತ್ತಿದಳು. ಪಿಳ್ಳಮ್ಮನ ಮಡಿಲಲ್ಲಿದ್ದ ಫೋನು ಹೊಡೆದುಕೊಳ್ಳತೊಡಗಿತು.

ಅಮ್ಮನ ಮಡಿಲಲ್ಲಿ ಅದುರುತ್ತಿದ್ದ ಆ ಫೋನನ್ನು ಚಂದ್ರಲೇಖಾ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತನ್ನ ಫೋನನ್ನು ಕೆಳಗಿಟ್ಟು ಹೂವಿನ ಬುಟ್ಟಿಯ ಕಡೆ ತಿರುಗಿ ಕೂತಳು. ಕೋಪ ಮಾಡಿಕೊಂಡಿದ್ದರೆ ಪಿಳ್ಳಮ್ಮನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಹೇಳಿದ ಮಾತಿನಂತೆ ನಂದಿತಾ ಬಂದಳು. ವೆಬ್‌ಸೈಟ್ ನೋಡಿ, “ಯಾರನ್ನ ಕೇಳಿ ಮಾಡಿಸಿದ್ರಿ ಆಂಟಿ?” ಎಂದಳು.

“ಯಾರ್ನ ಕೇಳ್ಬೇಕು? ನಾನೇ ಹೇಳ್ದೆ.”

“ಹಾರ ಕಟ್ಟೋಳನ್ನ ಕೇಳಿದ್ರಾ?”

“ಅವ್ಳ್ನ ಏನ್ ಕೇಳೋ...” ಎನ್ನುತ್ತ ಪಿಳ್ಳಮ್ಮ ತಿರುಗಿ ಕೂತಿದ್ದ ಮಗಳ ಬೆನ್ನನ್ನು ನೋಡಿದಳು.

ಇಪ್ಪತ್ತನಾಲ್ಕು ವರ್ಷ ಮಗಳ ಪರವಾಗಿ ಡಾಕ್ಟರ ಹತ್ತಿರ, ಶಾಲೆಯಲ್ಲಿ, ಬಸ್ಸಿನಲ್ಲಿ ಮಾತಾಡಿದವಳು ಪಿಳ್ಳಮ್ಮ. ಎಲ್ಲ ಪ್ರೀತಿಯಿಂದಲೇ. ಮಗಳು ತನ್ನ ಕಾಲ ಮೇಲೆ ನಿಲ್ಲಲಿ ಎಂದು ಮಾಡಿಸಿದ ವೆಬ್‌ಸೈಟಿಗೂ ತಾನೇ ಅಡ್ಡ ನಿಂತುಬಿಟ್ಟೆನಲ್ಲ ಎಂದು ಅವಳಿಗೆ ಅಳು ಬಂತು. ಕಣ್ಣೊರೆಸಿಕೊಂಡು ಮಗಳ ಎದುರಿಗೆ ಹೋಗಿ ಕೂತಳು. ‘ನೀನು ಹೇಳು’ ಎಂದು ಕೈಸನ್ನೆ ಮಾಡಿದಳು.

ಚಂದ್ರಲೇಖಾ ಒಳಗೆ ಹೋಗಿ ಒಂದು ನೋಟ್‌ಬುಕ್ ತಂದಳು. ಅವಳು ಓದಿದ್ದು ತಮಿಳಿನಲ್ಲಿ, ಬರೆದದ್ದೂ ತಮಿಳಿನಲ್ಲಿ. ನಂದಿತಾಳಿಗೆ ತಮಿಳು ಓದಲು ಬಾರದು, ಪಿಳ್ಳಮ್ಮನಿಗೆ ಯಾವುದನ್ನೂ ಓದಲು ಬಾರದು. ಕೊನೆಗೆ ಕುಮಾರೇಶನನ್ನೇ ಕರೆಸಬೇಕಾಯಿತು. ಅವನು ಓದಿ ಓದಿ ಕನ್ನಡದಲ್ಲಿ ಹೇಳಿದ.

ಗಿರಾಕಿಗಳು ಮನೆಗೆ ಬಂದಾಗ ಏನೇನು ಕೇಳುತ್ತಾರೆ ಎಂದು ಅವರ ತುಟಿ, ಕೈಸನ್ನೆ ನೋಡಿ ಅವಳು ಬರೆದಿಟ್ಟಿದ್ದಳು. ಹಾರ ಎದೆವರೆಗೋ, ಸೊಂಟದವರೆಗೋ, ಮಂಡಿವರೆಗೋ? ಸೀರೆ ಯಾವ ಬಣ್ಣ? ಮುಹೂರ್ತ ಎಷ್ಟು ಗಂಟೆಗೆ? ಎಷ್ಟು ಹೊತ್ತು ಬಾಡದೆ ಇರುತ್ತದೆ? ನಾಲ್ಕು ಪುಟ ತುಂಬ ಇಂಥವೇ. ಕೊನೆಯ ಸಾಲನ್ನು ಕುಮಾರೇಶ ನಿಧಾನವಾಗಿ ಓದಿದ.

“‘ಉತ್ತರ ನಾನೇ ಬರೀತೀನಿ. ಅಮ್ಮ ಫೋನಿಗೋಸ್ಕರ ಊಟದ ಮಧ್ಯೆ ಏಳೋದು ಬೇಡ.’ ಇಂಗೆ ಬರ್ದವ್ಳೆ ಅತ್ತೆ.”

ಪಿಳ್ಳಮ್ಮ ಮಗಳ ತಲೆಯನ್ನು ಎದೆಗೊತ್ತಿಕೊಂಡಳು.

“ನೋಡಿ, ವೆಬ್‌ಸೈಟಿಗೆ ಬೇಕಾದ ಯೋಜನೆ ಅಂದ್ರೆ ಇದೇ” ಎಂದಳು ನಂದಿತಾ.

ಕುಮಾರೇಶ ತಲೆ ಕೆರೆದುಕೊಂಡ. “ಇದ್ನ ಮೊದ್ಲೇ ಕೊಟ್ಟಿದ್ರೆ ನಿಜ ಹೇಳ್ಬಿಡ್ತಿದ್ದೆ ಅತ್ತೆ. ಆರ್ಡರ್ ತಗೊಳ್ಳೋ ಅಂಥದ್ದು ನಂಗೆ ಅಷ್ಟಾಗಿ ಬರಲ್ಲ.”

“ವೆಬ್‌ಸೈಟಿನ ವಿಳಾಸ ಯಾರ ಹೆಸರಲ್ಲಿ ತಗೊಂಡಿದೀರಿ?” ನಂದಿತಾ ಕೇಳಿದಳು.

“ನನ್ನೆಸ್ರಲ್ಲೇ.”

“ಮನೆ ಪತ್ರ ಮೇಸ್ತ್ರಿ ಹೆಸರಲ್ಲಿ ಇಟ್ಟ ಹಾಗಾಯ್ತಲ್ಲ! ನಾಳೆ ನೀವು ಬೇರೆ ಊರಿಗೆ ಹೋದ್ರೆ ಇವರು ಯಾರನ್ನ ಹುಡುಕಬೇಕು?”

ಹುಡುಗ ಒಳ್ಳೆಯವನು. ಆ ವಾರವೇ ವಿಳಾಸವನ್ನು ಚಂದ್ರಲೇಖಾಳ ಹೆಸರಿಗೆ ಬದಲಾಯಿಸಿ, ಪಾಸ್‌ವರ್ಡನ್ನೂ ಅವಳ ಕೈಗೇ ಕೊಟ್ಟ.

ಈ ಸಲ ಅವಸರ ಮಾಡಲಿಲ್ಲ. ನೋಟ್‌ಬುಕ್ ಹಿಡಿದುಕೊಂಡು ತಾಯಿ, ಮಗಳು, ನಂದಿತಾ ಮೂವರೂ ಹೊಸೂರಿಗೆ ಹೋದರು. ವೆಬ್‌ಸೈಟ್ ಮಾಡಿಕೊಡುವ ಒಬ್ಬರು ಪುಟವನ್ನೂ ತಿರುಗಿಸದೆ, “ಅದೆಲ್ಲ ನಾವು ನೋಡ್ಕೊಂತೀವಿ, ಬಿಡಿ” ಎಂದರು. ಇವರು ಅವರನ್ನೇ ಬಿಟ್ಟು ಬಂದರು. ನಾಗವೇಣಿ ಎಂಬಾಕೆ ಮಾತ್ರ ನಾಲ್ಕೂ ಪುಟ ಓದಿ, ಚಂದ್ರಲೇಖಾಳ ಮುಖ ನೋಡಿಕೊಂಡು, ಕಾಗದದ ಮೇಲೆ ಬರೆದು ಬರೆದು ಪ್ರಶ್ನೆ ಕೇಳಿದಳು. ತಾನು ಮಾಡಿಕೊಟ್ಟಿದ್ದ ಒಂದು ಟೈಲರಿಂಗ್ ಅಂಗಡಿಯ ವೆಬ್‌ಸೈಟ್ ತೋರಿಸಿದಳು. ಪಿಳ್ಳಮ್ಮ ಅಲ್ಲೇ ಕೂತು ಆ ಅಂಗಡಿಯವರಿಗೆ ಫೋನು ಮಾಡಿ, “ಕೆಟ್ಟೋದ್ರೆ ಬಂದ್ ಸರಿ ಮಾಡ್ತಾಳಾ?” ಎಂದು ವಿಚಾರಿಸಿಯೂಬಿಟ್ಟಳು. ಏನು ಕೆಲಸ, ಎಂದಿಗೆ ಮುಗಿಯಬೇಕು, ಕೆಲಸ ಎಷ್ಟಾದಾಗ ಎಷ್ಟು ಹಣ, ಆಮೇಲೆ ನೋಡಿಕೊಳ್ಳುವವರು ಯಾರು ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿದರು.

ಹೊಸ ವೆಬ್‌ಸೈಟಿನಲ್ಲಿ ಚಂದ್ರಲೇಖಾ ಕಟ್ಟಿದ ಹಾರಗಳದ್ದೇ ಚಿತ್ರ. ತಮಿಳು, ಕನ್ನಡ, ಇಂಗ್ಲಿಷ್ ಮೂರೂ ಇವೆ. ಹಾರದ ಉದ್ದ, ಹೂವು, ದಿನ, ಗಂಟೆ ಎಲ್ಲವನ್ನೂ ಒತ್ತಿ ಹೇಳಬಹುದು. ಕನ್ನಡದಲ್ಲಿ ಒತ್ತಿದ್ದು, ಬರೆದು ಕೇಳಿದ್ದು ಚಂದ್ರಲೇಖಾಳ ಫೋನಿಗೆ ತಮಿಳಿನಲ್ಲೇ ಬರುತ್ತದೆ, ಅವಳು ಬರೆದ ಉತ್ತರ ಅವರಿಗೆ ಕನ್ನಡದಲ್ಲೇ ಹೋಗುತ್ತದೆ. ಬೆಲೆ ಬದಲಾಯಿಸುವುದನ್ನೂ ನಾಗವೇಣಿ ಅವಳಿಗೆ ಕಲಿಸಿಕೊಟ್ಟಳು.

ಮೊದಲ ಆರ್ಡರ್ ಆನೇಕಲ್ ಕಡೆಯಿಂದ ಬಂತು. ಹಾರ ಒಯ್ಯಲು ಬಂದವರು ಮದುಮಗಳ ತಾಯಿ ಭಾಗ್ಯಮ್ಮ. ಹಾರ ನೋಡಿ ಕಣ್ಣರಳಿಸಿ, “ಕೇಳಿದ್ದಕ್ಕೆಲ್ಲ ಒಸಿನೂ ಬೇಜಾರ್ ಮಾಡ್ಕೊಳ್ದೆ ಉತ್ರ ಕೊಟ್ರಲ್ಲ, ಅವ್ರು ಯಾರಮ್ಮ?” ಎಂದರು.

ಇಪ್ಪತ್ತನಾಲ್ಕು ವರ್ಷದ ಅಭ್ಯಾಸ. ಪಿಳ್ಳಮ್ಮನ ಬಾಯಿ ತಾನಾಗಿ ತೆರೆಯಿತು. ಹಾಗೇ ಮುಚ್ಚಿಕೊಂಡು ಅವಳು ಪಕ್ಕಕ್ಕೆ ಸರಿದು ನಿಂತಳು.

ಚಂದ್ರಲೇಖಾ ಒದ್ದೆ ಕೈ ಒರೆಸಿಕೊಂಡು ಮುಂದೆ ಬಂದಳು. ಅಂಗೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡಳು. ನಾನು.

ಅಮ್ಮಂದಿರೇ, ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಉಪ್ಪಿನಕಾಯಿಯೋ ಹೊಲಿಗೆಯೋ ಹೂವಿನ ಕೆಲಸವೋ ನಡೆಯುತ್ತಿರಬಹುದು. ವೆಬ್‌ಸೈಟ್ ಬೇಕೆನಿಸಿದರೆ ಖಂಡಿತ ಮಾಡಿಸಿ. ಗಿರಾಕಿ ಏನು ಕೇಳುತ್ತಾರೆಂದು ಮೊದಲು ಒಂದು ವಾರ ಬರೆದಿಡಿ. ಮಾಡಿಕೊಡುವವರ ಹಿಂದಿನ ಕೆಲಸ ನೋಡಿ, ಅದನ್ನು ಮಾಡಿಸಿಕೊಂಡವರನ್ನು ವಿಚಾರಿಸಿ. ಸ್ವಂತದವರೇ ಆದರೂ ಮಾತನ್ನು ಕಾಗದದ ಮೇಲೆ ಇಡಿ, ವಿಳಾಸವೂ ಪಾಸ್‌ವರ್ಡೂ ನಿಮ್ಮ ಕೈಯಲ್ಲೇ ಇರಲಿ. ಇದಕ್ಕೆಲ್ಲ ಮುಂಚೆ, ನಿಮ್ಮ ಮನೆಯಲ್ಲಿ ಆ ಕೆಲಸ ಮಾಡುವವರು ಯಾರೋ ಅವರ ಎದುರಿಗೆ ಕೂತು ಕೇಳಿ. ಇವತ್ತೇ ಕೇಳಿ.