ಹದಿನೈದನೆಯ ಹೆಸರು

ಕಾಲೇಜಿನ ಕರಪತ್ರದಲ್ಲಿ ನಗುತ್ತಿದ್ದ ಹುಡುಗ ತನ್ನ ಮಗನೇ ಎಂದು ಅವಳಿಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ಹಾಗೆ ಹಲ್ಲು ಕಾಣುವಂತೆ ನಕ್ಕು ಎಷ್ಟು ಕಾಲವಾಗಿತ್ತೋ.

"ಇವನು ನನ್ನ ಶಿಷ್ಯ, ತಾಯಿ," ಎಂದರು ಮೇಷ್ಟ್ರು, ಫೋಟೋದ ಮೇಲೆ ಬೆರಳಿಟ್ಟು. "ನಮ್ಮ ಕಾಲೇಜಲ್ಲೇ ಕಂಪ್ಯೂಟರ್ ಸೈನ್ಸ್ ಡಿಗ್ರಿ ಮಾಡಿದ್ದು. ಮೂರೂ ವರ್ಷ ಇವನೇ ಮೊದಲು. ಈಗ ದೊಡ್ಡ ಕಂಪನೀಲಿದ್ದಾನೆ. ಏಸಿ ರೂಮು, ಹೋಗಿ ಬರೋಕೆ ಕಂಪನಿ ಬಸ್ಸು. ನಿಮ್ಮ ಮಗಳ ಬಗ್ಗೆ ನೀವೇನೂ ಯೋಚನೆ ಮಾಡ್ಬೇಡಿ."

ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಬುಸ್ ಬುಸ್ ಎನ್ನುತ್ತಿದ್ದ ಇಸ್ತ್ರಿ ತಟ್ಟನೆ ನಿಂತಿತು. ಕೌಂಟರಿಗೂ ಆ ಕೋಣೆಗೂ ನಡುವೆ ಹ್ಯಾಂಗರುಗಳಲ್ಲಿ ನೇತುಹಾಕಿದ ಅಂಗಿಗಳ ಸಾಲೇ ಗೋಡೆ. ಏಸಿ ರೂಮಿನಲ್ಲಿ ಇರಬೇಕಾದವನು ಆ ಅಂಗಿಗಳ ಆಚೆ ಬನಿಯನ್ನು ತೊಟ್ಟು, ಹೋಟೆಲಿನಿಂದ ಬಂದ ಎಪ್ಪತ್ತು ದಿಂಬಿನ ಕವರುಗಳನ್ನು ಒಂದೊಂದಾಗಿ ಇಸ್ತ್ರಿ ಮಾಡುತ್ತ ನಿಂತಿದ್ದ.

ಮಗಳು ಏನೋ ಹೇಳಲು ಬಾಯಿ ತೆರೆದಳು. ತಾಯಿ ಕೌಂಟರಿನ ಕೆಳಗೆ ಅವಳ ಕಾಲು ತುಳಿದಳು.

"ಹೌದಾ ಸರ್?" ಎಂದಳು ತಾಯಿ. "ಚೆನ್ನಾಗಿದ್ದಾನಾ ಹುಡುಗ?"

"ಅವನಿಗೇನು ಕಡಿಮೆ! ರಾಜನ ಹಾಗಿದ್ದಾನೆ."

"ಫೋನು ಗೀನು ಮಾಡ್ತಾನಾ ನಿಮಗೆ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಮೊದಮೊದಲು ಮಾಡ್ತಿದ್ದ. ಈಗ ಬಿಡುವು ಸಿಗಲ್ಲ, ಪಾಪ. ದೊಡ್ಡ ಕೆಲಸ ನೋಡಿ."

ದೊಡ್ಡ ಕೆಲಸ ಎರಡು ವರ್ಷ ಇದ್ದದ್ದು ನಿಜ. ಆಮೇಲೆ ಒಂದು ಬೆಳಿಗ್ಗೆ ಕಂಪನಿಯ ಗೇಟಿನಲ್ಲಿ ಕಾರ್ಡು ತೋರಿಸಿದರೆ ಬಾಗಿಲು ತೆರೆಯಲಿಲ್ಲ. ಅವನ ಹಿಂದೆ ಇನ್ನೂ ಮೂವತ್ತು ಜನ ಅದೇ ಬಾಗಿಲಿಗೆ ಕಾರ್ಡು ಉಜ್ಜುತ್ತ ನಿಂತಿದ್ದರಂತೆ. ಅವನ ಟೇಬಲ್ಲಿನ ಮೇಲಿದ್ದ ನೀರಿನ ಬಾಟಲಿ, ಬಾಚಣಿಗೆ, ಒಂದು ಜೊತೆ ಚಪ್ಪಲಿ ಮೂರು ದಿನದ ನಂತರ ಡಬ್ಬಿಯಲ್ಲಿ ಮನೆಗೆ ಬಂದವು. ಒಂದು ವರ್ಷ ಅವನು ಕಂಡಕಂಡಲ್ಲಿಗೆಲ್ಲ ಅರ್ಜಿ ಹಾಕಿದ. ಆಮೇಲೆ ಒಂದು ದಿನ, ಯಾರೂ ಹೇಳದೆ, ಬಂದು ಅಮ್ಮನ ಕೈಯಿಂದ ಇಸ್ತ್ರಿ ಪೆಟ್ಟಿಗೆ ಇಸಕೊಂಡ. ಪಕ್ಕದ ಔಷಧಿ ಅಂಗಡಿಯವರು ಅಂಗಿ ತೆಗೆದುಕೊಂಡು ಹೋಗಲು ಬಂದಾಗಲೆಲ್ಲ, "ಡಿಗ್ರಿ ಮಾಡಿದ ಕೈ ನೋಡಿ, ಕಾಲರ್ ಹೇಗೆ ನೆಟ್ಟಗೆ ಕೂತಿದೆ" ಅನ್ನುತ್ತಿದ್ದರು. ತಮಾಷೆಗೇ ಅನ್ನುತ್ತಿದ್ದದ್ದು. ಅವನೂ ನಗುತ್ತಿದ್ದ, ಹಲ್ಲು ಕಾಣದ ಹಾಗೆ.

ಈ ವರ್ಷ ತಂಗಿ ತಾನೂ ಅದನ್ನೇ ಓದುತ್ತೇನೆ ಎಂದಾಗ ಅವನು ಒಂದೇ ಮಾತು ಹೇಳಿದ್ದ: "ಬೇಡ." ತಾಯಿಗೆ ಆ ಓದಿನ ತಲೆಬುಡ ಗೊತ್ತಿರಲಿಲ್ಲ. ಓದಿದವನೇ ಬೇಡ ಅಂದಮೇಲೆ ತಾನೇನು ಹೇಳುವುದು ಎಂದು ಸುಮ್ಮನಾದಳು. ಹೀಗೆ ಬೇಡ, ನೋಡೋಣ, ಬೇಡ ಎನ್ನುವುದರಲ್ಲೇ ಒಳ್ಳೊಳ್ಳೆಯ ಕಾಲೇಜುಗಳ ತಾರೀಕುಗಳೆಲ್ಲ ಒಂದೊಂದಾಗಿ ದಾಟಿಹೋದವು. ಉಳಿದದ್ದು ಅಣ್ಣ ಓದಿದ ಈ ಹಳೆಯ ಕಾಲೇಜೊಂದೇ. ಅದಕ್ಕೂ ಇವತ್ತು ಸಂಜೆ ಐದು ಗಂಟೆಯೇ ಕೊನೆ. ಹುಡುಗಿ ಯಾರಿಗೂ ಹೇಳದೆ ಕಾಲೇಜಿಗೆ ಫೋನು ಮಾಡಿ ತನ್ನ ಹೆಸರು, ಅಂಗಡಿಯ ವಿಳಾಸ ಕೊಟ್ಟಿದ್ದಳು. ಯಾರೋ ಗುಮಾಸ್ತರು ಬರಬಹುದು ಅಂದುಕೊಂಡಿದ್ದಳೇ ಹೊರತು ಅಣ್ಣನ ಮೇಷ್ಟ್ರೇ ಬಂದು ಅಣ್ಣನ ಫೋಟೋವನ್ನೇ ಅಮ್ಮನ ಕೈಗೆ ಕೊಡುತ್ತಾರೆಂದು ಅವಳು ಕನಸಿನಲ್ಲೂ ನೆನೆಸಿರಲಿಲ್ಲ.

"ಬಿಸಿಲಲ್ಲಿ ಬಂದಿದ್ದೀರ, ಕೋಟು ತೆಗೀರಿ ಸರ್," ಎಂದಳು ತಾಯಿ. "ಮುದ್ದೆ ಮುದ್ದೆ ಆಗಿದೆ. ಎರಡೇ ನಿಮಿಷ."

"ಬೇಡಮ್ಮ, ಬೇಡ."

"ಲಾಂಡ್ರಿಗೆ ಬಂದು ಹಾಗೇ ಸುಕ್ಕಿಟ್ಕೊಂಡು ಹೋದ್ರೆ ನಮ್ಮ ಮರ್ಯಾದೆ ಏನಾಗ್ಬೇಕು? ತೆಗೀರಿ."

ಮೇಷ್ಟ್ರು ನಕ್ಕು ಕೋಟು ಬಿಚ್ಚಿ ಕೊಟ್ಟರು. ಒಳಗಿನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಬೆಳಿಗ್ಗೆಯಿಂದ ಇಪ್ಪತ್ತಾರು ಮನೆ ಹತ್ತಿ ಇಳಿದಿದ್ದರು.

ಅವಳು ಅಂಗಿಗಳನ್ನು ಸರಿಸಿ ಒಳಗೆ ಹೋದಳು. ಮಗ ಮೇಜಿಗೆ ಎರಡೂ ಕೈ ಊರಿ ನಿಂತಿದ್ದ. ಕೋಟು ನೋಡಿದ. ಆ ಕೋಟು ಅವನಿಗೆ ಗೊತ್ತಿತ್ತು.

"ನಾನಿಲ್ಲಿದ್ದೀನಿ ಅಂತ ಹೇಳ್ಬೇಡಮ್ಮ," ಎಂದು ಪಿಸುಗುಟ್ಟಿದ.

"ಹೇಳಿಲ್ಲ ಕಣೋ."

"ಪುಟ್ಟಿ ಹೇಳಿಬಿಡ್ತಾಳೆ."

"ಅವಳ ಕಾಲು ತುಳಿದಿದ್ದೀನಿ. ಇನ್ನೂ ನೋಯ್ತಿರುತ್ತೆ, ಹೇಳಲ್ಲ."

ಇಸ್ತ್ರಿಗೆ ಮೊದಲು ಜೇಬು ಖಾಲಿ ಮಾಡುವುದು ಅಂಗಡಿಯ ನಿಯಮ. ಸಿಕ್ಕಿದ್ದನ್ನು ತಟ್ಟೆಯಲ್ಲಿಟ್ಟು, ಹಾಗೇ ವಾಪಸು ಕೊಡಬೇಕು, ಬಿಡಿಸಿ ನೋಡುವಂತಿಲ್ಲ. ಮಗ ಮೂರು ಜೇಬು ಖಾಲಿ ಮಾಡಿದ. ಸೀಮೆಸುಣ್ಣದ ತುಂಡು, ಬಸ್ಸಿನ ಚೀಟಿ, ಎರಡು ಗುಳಿಗೆ, ಮಡಿಸಿದ ಒಂದು ಕಾಗದ. ಕಾಗದದ ತಲೆಯ ಮೇಲೆ ಕಾಲೇಜಿನ ಮುದ್ರೆಯಿತ್ತು. ಅವನು ನಿಯಮ ಮುರಿದ.

ಹೊರಗೆ ಮೇಷ್ಟ್ರು ಸ್ಟೂಲಿನ ಮೇಲೆ ಕೂತು ಹುಡುಗಿಯನ್ನು ಕೇಳುತ್ತಿದ್ದರು. "ಇದನ್ನೇ ಓದ್ಬೇಕು ಅಂತ ಯಾಕಮ್ಮ ಆಸೆ? ಸಂಬಳ ಜಾಸ್ತಿ ಅಂತಾನಾ?"

"ಅಲ್ಲ ಸರ್. ಇಲ್ಲಿ ಬಿಳೀ ಅಂಗಿಗಳು ಒಬ್ಬರದು ಒಬ್ಬರಿಗೆ ಹೋಗ್ತಿತ್ತು. ದಿನಾ ಜಗಳ. ಯಾವ ಮನೇದು ಯಾವ ಸಾಲಲ್ಲಿದೆ ಅಂತ ತೋರಿಸೋ ಹಾಗೆ ಒಂದು ಪ್ರೋಗ್ರಾಂ ಬರೆದೆ."

"ನೀನೇ?"

"ನಾನೇ. ಆದ್ರೆ ಅದು ಪ್ರತಿಯೊಬ್ಬರದೂ ಕೊನೇ ಅಂಗಿ ನುಂಗಿಬಿಡ್ತಿತ್ತು. ಐದು ಕೊಟ್ಟರೆ ನಾಲ್ಕು ತೋರಿಸೋದು. ಮೂರು ದಿನ ಹುಡುಕಿದೆ ಸರ್. ಎಣಿಕೆ ಒಂದು ಹೆಜ್ಜೆ ಮೊದಲೇ ನಿಲ್ಲೋ ಹಾಗೆ ನಾನೇ ಬರೆದುಬಿಟ್ಟಿದ್ದೆ."

ಮೇಷ್ಟ್ರು ಕೂತಲ್ಲೇ ಮುಂದಕ್ಕೆ ಬಾಗಿದರು. ಬೆಳಿಗ್ಗೆಯಿಂದ ಒಂದೇ ಪಾಠ ಒಪ್ಪಿಸಿ ಒಪ್ಪಿಸಿ ಬಾಡಿದ್ದ ಮುಖ ಬೇರೆಯೇ ಆಯಿತು. "ತಪ್ಪು ಸಿಕ್ಕಿದಾಗ ಏನನ್ನಿಸ್ತು?"

ಹುಡುಗಿ ಯೋಚಿಸಿದಳು. "ಇನ್ನೊಂದು ತಪ್ಪು ಇರಬಾರದಿತ್ತಾ ಅನ್ನಿಸ್ತು ಸರ್."

ಮೇಷ್ಟ್ರು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದರು, "ಇದೆಲ್ಲ ಯಾರು ಹೇಳಿಕೊಟ್ಟಿದ್ದು?"

"ಅಣ್ಣ. ಹೋದ ವರ್ಷ, ಇಸ್ತ್ರಿ ಮಾಡ್ತಾ ಮಾಡ್ತಾ." ಹೇಳಿದ ಮೇಲೆ ಅವಳಿಗೆ ಕಾಲಿನ ನೋವು ನೆನಪಾಯಿತು.

"ಅಣ್ಣ ಏನು ಓದಿದ್ದಾನೆ?"

ಅಂಗಿಗಳ ಸಾಲು ಸರಿಯಿತು. ಕೋಟನ್ನು ಹ್ಯಾಂಗರಿಗೆ ಹಾಕಿ ಹಿಡಿದುಕೊಂಡು ಅವನೇ ಹೊರಗೆ ಬಂದ. ಬನಿಯನ್ನಿನ ಮೇಲೆ ಯಾರದೋ ಗಿರಾಕಿಯ ಅಂಗಿ ತೊಟ್ಟಿದ್ದ, ತೋಳು ಉದ್ದವಾಗಿತ್ತು.

ಮೇಷ್ಟ್ರು ಎದ್ದು ನಿಂತರು. ಕೌಂಟರಿನ ಮೇಲಿದ್ದ ಕರಪತ್ರವನ್ನೂ ಅವನ ಮುಖವನ್ನೂ ನೋಡಿದರು. ಆಮೇಲೆ ಲಾಂಡ್ರಿಯ ಹೆಂಗಸನ್ನು ನೋಡಿದರು.

"ನಮಸ್ಕಾರ ಸರ್," ಎಂದ ಮಗ.

"ಎಷ್ಟು ದಿನ ಆಯ್ತೋ?"

"ಕೆಲಸ ಹೋಗಿ ಎರಡೂವರೆ ವರ್ಷ."

"ನನಗೊಂದು ಮಾತು ಹೇಳ್ಬಾರದಿತ್ತಾ?"

"ಪ್ರತಿ ವರ್ಷ ಹೊಸಬರಿಗೆ ನನ್ನ ಕಥೆ ಹೇಳ್ತೀರ ಅಂತ ಗೊತ್ತಿತ್ತು ಸರ್. ಅದರಲ್ಲಾದ್ರೂ ನಾನು ಚೆನ್ನಾಗಿರ್ಲಿ ಅಂತ ಸುಮ್ಮನಿದ್ದೆ."

ಮೇಷ್ಟ್ರು ಸ್ಟೂಲನ್ನು ಕೈಯಲ್ಲೇ ತಡಕಿ ಕುಳಿತರು. ತಾಯಿ ಒಂದು ಲೋಟ ನೀರು ತಂದಿಟ್ಟಳು. ಅವರು ಅದನ್ನು ಮುಟ್ಟಲಿಲ್ಲ.

"ಫಾರಂ ಕೊಡಿ ಸರ್," ಎಂದ ಮಗ. "ಇವಳು ಸೇರ್ತಾಳೆ."

ಹುಡುಗಿ ತಿರುಗಿ ಅಣ್ಣನನ್ನು ನೋಡಿದಳು. ತಾಯಿಯೂ ನೋಡಿದಳು. "ಆರು ತಿಂಗಳಿಂದ ಬೇಡ ಬೇಡ ಅಂದೋನು ನೀನೇ ತಾನೆ? ಈಗೇನಾಯ್ತು, ಇಸ್ತ್ರಿ ಶಾಖ ತಲೆಗೇರಿತಾ?"

ಅವನು ಇನ್ನೊಂದು ಕೈಯಲ್ಲಿದ್ದ ತಟ್ಟೆಯನ್ನು ಕೌಂಟರಿನ ಮೇಲಿಟ್ಟ. ಸೀಮೆಸುಣ್ಣ, ಚೀಟಿ, ಗುಳಿಗೆ, ಮಡಿಕೆ ಬಿಚ್ಚಿದ ಕಾಗದ. ಮೇಷ್ಟ್ರು ಕಾಗದ ನೋಡಿದರು.

"ಓದಿದ್ಯಾ?"

"ತಪ್ಪಾಯ್ತು ಸರ್." ಅವನು ತಾಯಿಯ ಕಡೆ ತಿರುಗಿದ. "ಇವತ್ತು ಐದು ಗಂಟೆ ಒಳಗೆ ಹದಿನೈದು ಜನ ಸೇರದಿದ್ರೆ ಕಂಪ್ಯೂಟರ್ ವಿಭಾಗ ಮುಚ್ತಾರಂತೆ. ಸರ್ ಕೆಲಸಾನೂ ಇವತ್ತಿಗೇ ಕೊನೆ. ಕೆಳಗೆ ಸರ್ ಬರ್ಕೊಂಡಿರೋ ಹೆಸರು ಹದಿನಾಲ್ಕೇ ಇವೆ. ಇಪ್ಪತ್ತೆಂಟು ವರ್ಷ ಪಾಠ ಮಾಡಿದ್ದಾರಮ್ಮ."

ತಾಯಿ ಸೆರಗಿನಿಂದ ಕೈ ಒರೆಸಿಕೊಂಡಳು. ಮೇಷ್ಟ್ರ ಮುಖ ನೋಡಿ ಅವಳಿಗೆ ಸಂಕಟವಾಯಿತು. ಆದರೂ ಹೇಳಬೇಕಾದ್ದನ್ನು ಹೇಳಿದಳು. "ಸರ್ ತಪ್ಪು ತಿಳ್ಕೋಬಾರದು. ಲೋ, ಪಾಪ ಅಂತ ಒಂದು ಅಂಗಿ ಬಿಟ್ಟಿ ಇಸ್ತ್ರಿ ಮಾಡ್ಕೊಡಬಹುದು. ಪಾಪ ಅಂತ ಮಗಳ ಮೂರು ವರ್ಷ ಕೊಡಕ್ಕಾಗುತ್ತೇನೋ?"

"ಅಮ್ಮ, ಪಾಪ ಅಂತ ಅಲ್ಲ, ನನಗೆ ಬೇಕು," ಎಂದಳು ಹುಡುಗಿ. "ನನ್ನನ್ನ ಯಾರೂ ಕೇಳ್ತಾನೇ ಇಲ್ವಲ್ಲ. ನನಗೆ ಬೇಕು. ಫಾರಂ ಕೊಡಿ ಸರ್, ನಾನೇ ತುಂಬ್ತೀನಿ."

ಅವಳು ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದಳು. ಮೇಷ್ಟ್ರು ಚೀಲದಿಂದ ಫಾರಂ ಹೊರತೆಗೆದು, ಕೊಡದೆ, ಮೊಣಕಾಲಿನ ಮೇಲಿಟ್ಟುಕೊಂಡು ನೇವರಿಸಿದರು. ಗಡಿಯಾರ ನಾಲ್ಕೂ ಕಾಲು ತೋರಿಸುತ್ತಿತ್ತು.

"ಕೇಳಮ್ಮ," ಎಂದರು. "ನಮ್ಮಲ್ಲಿ ಮೂವತ್ತು ಕಂಪ್ಯೂಟರಿವೆ. ಒಂಬತ್ತು ನಡೀತವೆ. ಹದಿನೈದು ಆದ್ರೂ ಈ ವಿಭಾಗ ಉಳಿಯಲ್ಲ. ಒಂದು ವರ್ಷದ ಫೀಸು ತಗೊಂಡು ಮುಂದಿನ ವರ್ಷ ಮುಚ್ತಾರೆ. ಆಡಳಿತದವರು ಮಾತಾಡಿಕೊಂಡಿದ್ದನ್ನ ನಾನೇ ಕೇಳಿಸ್ಕೊಂಡೆ. ಕೇಳಿಸ್ಕೊಂಡೂ ಇಪ್ಪತ್ತಾರು ಮನೆಗೆ ಹೋದೆ."

"ಸರ್!" ಎಂದ ಮಗ.

"ಇನ್ನೊಂದು ವರ್ಷ ಪಾಠ ಮಾಡಬಹುದಲ್ಲ ಅನ್ನೋ ಆಸೆ ಕಣೋ. ಬೇರೇನೂ ಅಲ್ಲ."

"ಒಂದು ವರ್ಷ ಆದ್ರೂ ಇರುತ್ತಲ್ಲ ಸರ್," ಎಂದಳು ಹುಡುಗಿ. ಸಂತೆಯ ಕೊನೆಯಲ್ಲಿ ಉಳಿದದ್ದನ್ನೇ ಕೊಡಿ ಎಂದು ಕೇಳುವವರ ದನಿಯಿತ್ತು ಅದರಲ್ಲಿ. "ನನಗೆ ಒಂದು ವರ್ಷ ಸಾಕು. ಮಿಕ್ಕಿದ್ದು ನಾನೇ ಓದ್ಕೋತೀನಿ."

ಮೇಷ್ಟ್ರು ಫಾರಂ ಮಡಚಿದರು. ಒಂದು ಸಲ, ಎರಡು ಸಲ. ಇನ್ನು ಮಡಚಲಾಗದಷ್ಟು ಚಿಕ್ಕದಾದ ಮೇಲೆ ಅಂಗಿಯ ಜೇಬಿಗೆ ಹಾಕಿಕೊಂಡರು.

"ನೀನು ಪೆದ್ದಿಯಾಗಿದ್ರೆ ಬರೆಸ್ಕೊಂಡುಬಿಡ್ತಿದ್ದೆನೇನೋ ಮಗಳೇ. ನಿನ್ನಂಥೋರು ನನಗೆ ಇಬ್ಬರೇ ಸಿಕ್ಕಿದ್ದು. ಒಬ್ಬ ಇಲ್ಲಿ ನಿಂತಿದ್ದಾನೆ."

ಎದ್ದರು. ಮಗ ಕೋಟನ್ನು ಹಿಡಿದ. ಅವರು ಒಂದೊಂದೇ ತೋಳು ತೂರಿಸಿಕೊಂಡರು. ಅವನು ಭುಜದ ಹೊಲಿಗೆಯನ್ನು ಅಂಗೈಯಿಂದ ಸವರಿ ಸರಿಮಾಡಿದ. ಮೇಷ್ಟ್ರು ಕರಪತ್ರಕ್ಕೆ ಕೈ ಚಾಚಿದರು.

"ಅದು ಇರ್ಲಿ ಬಿಡಿ ಸರ್," ಎಂದಳು ತಾಯಿ. "ಅವನು ಹೀಗೆ ನಗೋ ಫೋಟೋ ನಮ್ಮ ಹತ್ತಿರ ಬೇರೆ ಇಲ್ಲ."

ಅವರು ತಲೆಯಾಡಿಸಿ ಮೆಟ್ಟಿಲಿಳಿದರು. ಕೆಳಗೆ ನಿಂತು, ಯಾರನ್ನೂ ನೋಡದೆ, "ಆ ಹದಿನಾಲ್ಕು ಮನೆಗೂ ಹೋಗಿ ನಿಜ ಹೇಳ್ಬೇಕು," ಎಂದರು. ಕಾಲೇಜಿನ ಬಸ್ಸು ನಿಲ್ಲುವ ಕಡೆಗೆ ಹೋಗದೆ, ಬಂದ ದಾರಿಯಲ್ಲೇ ಹೊರಟರು.

ಮೇಷ್ಟ್ರು ಮುಟ್ಟದ ನೀರಿನ ಲೋಟವನ್ನು ಎತ್ತಿಕೊಂಡು ತಾಯಿ, "ಮುಂದಿನ ವರ್ಷ ನೋಡೋಣ ಪುಟ್ಟಿ," ಎಂದಳು. ಆ ಮನೆಯಲ್ಲಿ ಮುಂದಿನ ವರ್ಷ ಎಂದರೆ ಏನರ್ಥವೆಂದು ಮೂವರಿಗೂ ಗೊತ್ತಿತ್ತು. ಚಾವಣಿ ರಿಪೇರಿಯನ್ನೂ, ತಾಯಿಯ ಕಣ್ಣಿನ ಆಪರೇಷನ್ನನ್ನೂ ಅವರು ಅಲ್ಲಿಗೇ ಕಳಿಸಿದ್ದರು.

ಮಗ ಒಳಗೆ ಹೋಗಿ ಗಿರಾಕಿಯ ಅಂಗಿ ಬಿಚ್ಚಿ ಹ್ಯಾಂಗರಿಗೆ ಹಾಕಿದ. ಹುಡುಗಿ ಅವನ ಹಿಂದೆಯೇ ಹೋದಳು. ಅಳುತ್ತಿರಲಿಲ್ಲ.

"ಅಣ್ಣ, ನಿಜ ಹೇಳು. ಹೀಗೆಲ್ಲ ಆಗುತ್ತೆ ಅಂತ ಮೊದಲೇ ಗೊತ್ತಿದ್ರೆ ನೀನು ಇದನ್ನ ಓದ್ತಿದ್ಯಾ?"

ಅವನು ಒಂದು ದಿಂಬಿನ ಕವರು ತೆಗೆದುಕೊಂಡು ಹಾಸಿದ. ನೀರು ಚಿಮುಕಿಸಿದ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಇಸ್ತ್ರಿ ಎಳೆದ. ಮಡಚಿದ. ಪಕ್ಕಕ್ಕಿಟ್ಟ.

"ಹೂಂ," ಎಂದ.

"ಮತ್ತೆ ನನಗ್ಯಾಕೆ ಬೇಡ ಅಂದೆ?"

ಅವನು ಇನ್ನೊಂದು ಕವರು ಹಾಸಿ, ಮೂಲೆಗಳನ್ನು ಎಳೆದು ನೇರ ಮಾಡಿದ. ಹೊರಗೆ ತಾಯಿ ಯಾರಿಗೋ "ನಾಳೆ ಬನ್ನಿ, ರೆಡಿ ಇರುತ್ತೆ" ಎನ್ನುತ್ತಿದ್ದಳು. ಹುಡುಗಿ ಇನ್ನೂ ಒಂದು ಕ್ಷಣ ಕಾದಳು. ಆಮೇಲೆ ಮೂಲೆಯಲ್ಲಿದ್ದ ಎರಡನೆಯ ಇಸ್ತ್ರಿ ಪೆಟ್ಟಿಗೆಯ ವೈರು ಬಿಚ್ಚಿ ಪ್ಲಗ್ಗಿಗೆ ಸಿಕ್ಕಿಸಿದಳು, ದಿಂಬಿನ ಕವರುಗಳ ರಾಶಿಯಿಂದ ಒಂದನ್ನು ಎಳೆದುಕೊಂಡಳು.

ಅಣ್ಣ ಅರ್ಧ ಮೇಜು ಬಿಟ್ಟು ಪಕ್ಕಕ್ಕೆ ಸರಿದು ನಿಂತ.