ಎರಡೂ ಎಡಗಾಲಿನ ಬೂಟು

ಮಾವ ಬೂಟು ಹೊಲಿಯುವವರು, ಸೊಸೆ ಮಾರುವವಳು. ಹಿಂದಿನ ಕೋಣೆಯಲ್ಲಿ ಅವರ ಚರ್ಮ, ಅಂಟು, ಮೊಳೆ. ಕಿಟಕಿ ಪಕ್ಕದ ಮೇಜಿನ ಮೇಲೆ ಅವಳ ಕಂಪ್ಯೂಟರ್.

ಮಾವನದು ಒಂದೇ ಹಟ. "ಯಾರ ಎರಡು ಪಾದನೂ ಒಂದೇ ಸಮ ಇರಲ್ಲಮ್ಮಾ. ಎಡಕ್ಕೊಂದು, ಬಲಕ್ಕೊಂದು ಅಳತೆ ಕೇಳು."

ಆದರೆ ಅವರ ಆನ್‌ಲೈನ್ ಅಂಗಡಿಯ ಪುಟದಲ್ಲಿ ಜೋಡಿಗೆ ಒಂದೇ ಅಳತೆ ತುಂಬಲು ಜಾಗವಿತ್ತು. ಅದನ್ನು ತಿದ್ದಬೇಕಾದರೆ ಇಂಥ ಅಂಗಡಿಗಳಿಗೆಂದೇ ಇರುವ ಪುಟ್ಟ ಕಂಪ್ಯೂಟರ್ ಭಾಷೆಯೊಂದನ್ನು ಕಲಿಯಬೇಕಿತ್ತು. ಸೊಸೆ ಕಲಿಯಲು ಕೂತಳು. 'ಸರಕು ಇದ್ದರೆ ಈ ಗುಂಡಿ ತೋರಿಸು, ಇಲ್ಲದಿದ್ದರೆ ಬೇಡ' ಎಂದು ಅದರ ಮಾತಿನಲ್ಲಿ ಬರೆದರೆ ಪುಟ ಹೇಳಿದ ಹಾಗೇ ಕೇಳುತ್ತಿತ್ತು. ಒಂದು ಆವರಣ ಚಿಹ್ನೆ ಮುಚ್ಚುವುದು ಮರೆತರೆ ಮುಖ ಊದಿಸಿಕೊಂಡು ಕೂರುತ್ತಿತ್ತು.

"ಥೇಟ್ ನಿಮ್ಮ ಥರಾನೇ ಮಾವ. ಚೂರು ತಪ್ಪಿದ್ರೆ ಮಾತೇ ಇಲ್ಲ."

"ಹಾಗಾದ್ರೆ ನಿಂಗೆ ಅಭ್ಯಾಸ ಇದೆ ಬಿಡು" ಎಂದರು ಮಾವ, ಬಾಯಲ್ಲಿ ಕಚ್ಚಿದ್ದ ಮೊಳೆ ಬೀಳದಂತೆ ನಗುತ್ತಾ.

ಕೊನೆಗೂ ಎಡಗಾಲಿನ ಅಳತೆಗೆ ಒಂದು ಚೌಕ ಮೂಡಿತು. ಬಲಗಾಲಿಗೆಂದು ಅವಳು ಅದೇ ಸಾಲುಗಳನ್ನು ಕೆಳಗೆ ನಕಲು ಮಾಡಿದಳು. ಕುಣಿದಾಡುವ ಖುಷಿಯಲ್ಲಿ 'ಎಡ' ಎಂದಿದ್ದನ್ನು 'ಬಲ' ಎಂದು ತಿದ್ದುವುದೇ ಮರೆತುಹೋಯಿತು. ಹಾಗೇ ಪುಟ ಜನರ ಮುಂದೆ ಹೋಯಿತು.

ಮರುದಿನ ಬೆಳಿಗ್ಗೆ ಬಂದ ಮೊದಲ ಆರ್ಡರ್ ಓದಿ ಮಾವ ಕನ್ನಡಕ ಒರೆಸಿಕೊಂಡರು. "ಇದೇನಮ್ಮಾ, ಎಡಗಾಲಿಗೊಂದು, ಮತ್ತೆ ಎಡಗಾಲಿಗೇ ಇನ್ನೊಂದು? ನಾನು ಹೊಲಿಯೋದು ಮನುಷ್ಯರಿಗೆ ತಾನೆ?"

ಸೊಸೆ ಕಂಪ್ಯೂಟರಿನತ್ತ ಓಡಿದಳು. ಪುಟ ತೆರೆದು ನೋಡಿದಳು, ತಲೆ ಚಚ್ಚಿಕೊಂಡಳು. "ನನ್ನದೇ ಎಡವಟ್ಟು ಮಾವ!"

"ಎಡವಟ್ಟೇ. ಎರಡೆರಡು ಎಡದ ವಟ್ಟು!"

ಪುಟವನ್ನು ಸರಿಮಾಡಿ, ಆರ್ಡರ್ ಕೊಟ್ಟವರಿಗೆ ಫೋನ್ ಹಚ್ಚಿದಳು. ಅತ್ತ ಕಡೆಯಿಂದ ಹೆಂಗಸಿನ ದನಿ.

"ಕ್ಷಮಿಸಿ ಮೇಡಂ, ಎರಡೂ ಎಡಗಾಲಿಂದು ಅಂತ ಬಂದಿದೆ. ನಮ್ಮ ತಪ್ಪು. ಬಲಗಾಲಿನ ಅಳತೆ ಹೇಳಿದ್ರೆ..."

"ತಪ್ಪಾ?" ಆಕೆಯ ದನಿ ಕುಗ್ಗಿತು. "ಅಯ್ಯೋ, ನಾನು ಬೇಕು ಅಂತಲೇ ಕೊಟ್ಟಿದ್ದು. ನಂಗಿರೋದು ಎಡಗಾಲು ಮಾತ್ರ. ಒಂದು ಸವೆದ್ರೆ ಇನ್ನೊಂದಾಗುತ್ತೆ. ಪ್ರತಿ ಸಲ ಜೋಡಿ ತಗೊಂಡು ಬಲಗಾಲಿಂದನ್ನ ಕಪಾಟಿಗೆ ತಳ್ತೀನಿ. ನಿಮ್ಮ ಪುಟ ನೋಡಿ, ಅಂತೂ ಯಾರಿಗೋ ಹೊಳೀತಲ್ಲ ಅಂತ ನಿಂತಲ್ಲೇ ಕೂಗಿಬಿಟ್ಟೆ. ದಯವಿಟ್ಟು ಸರಿ ಮಾಡ್ಬೇಡಿ!"

ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಮಾವ ಫೋನಿಗೇ ಬಾಗಿದರು. "ತಂಗೀ, ಎರಡೂ ಎಡಗಾಲಿಂದೇ ಬರುತ್ತೆ. ಚಿಂತೆ ಬಿಡು."

ಅಂದು ಮಾವ ಸುತ್ತಿಗೆ ಬದಿಗಿಟ್ಟು, ಮೊದಲ ಬಾರಿಗೆ ಕಿಟಕಿ ಪಕ್ಕ ಕುರ್ಚಿ ಎಳೆದುಕೊಂಡರು. ಸೊಸೆ ಬರೆಯುತ್ತಾ ಹೋದಳು: ಜೋಡಿ ಬೇಕಿದ್ದರೆ ಎರಡು ಅಳತೆ ಕೇಳು, ಒಂದೇ ಕಾಲಿಗೆ ಬೇಕಿದ್ದರೆ ಯಾವ ಕಾಲು, ಎಷ್ಟು ಅಳತೆ ಅಂತ ಮಾತ್ರ ಕೇಳು.

"ಇಲ್ಲೊಂದು ಆವರಣ ಮುಚ್ಚಿಲ್ಲ ನೋಡು" ಎಂದರು ಮಾವ.

"ಅದು ಮುಂದಿನ ಸಾಲಲ್ಲಿ ಮುಚ್ಚುತ್ತೆ ಮಾವ. ಸ್ವಲ್ಪ ತಾಳಿ."

ಬೂಟು ಸಿದ್ಧವಾದ ದಿನ ತೆಗೆದುಕೊಂಡು ಹೋಗಲು ಫೋನಿನ ಆಕೆ ಊರುಗೋಲು ಹಿಡಿದು ತಾವೇ ಬಂದರು. ಮಾವ ನೆಲಕ್ಕೆ ಕೂತು ದಾರ ಕಟ್ಟಿ, "ನಡಿ ನೋಡೋಣ" ಎಂದರು. ಆಕೆ ಬೀದಿಯ ತುದಿವರೆಗೂ ಹೋಗಿ ಬಂದರು. ಖುಷಿಗೆ ಮುಖ ಕೆಂಪೇರಿತ್ತು.

"ಒಂಚೂರೂ ಕಚ್ತಾ ಇಲ್ಲ!"

"ಕಚ್ಚೋಕೆ ನಾನು ಬಿಡ್ತೀನಾ?" ಎನ್ನುತ್ತಾ ಮಾವ ಇನ್ನೊಂದು ಎಡಗಾಲಿನ ಬೂಟಿಗೂ ದಾರ ಪೋಣಿಸತೊಡಗಿದರು.